ಬದಲಾದ ಪುಟಗಳಷ್ಟೇ

ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತೆಂದರೆ ಕಳಸ–ಹೊರನಾಡಿನ ದಾರಿ ಕಡಿಯಿತು. ನಮ್ಮ ಕಡೆಯವರು ಇದನ್ನು ಎಷ್ಟೋ ಮಳೆಗಾಲ ಕಂಡಿದ್ದಾರೆ. 2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹಿಡಿದಾಗಲಂತೂ ಮೂಡಿಗೆರೆ ಸೀಮೆಯ ಗುಡ್ಡಗಳೇ ಜರಿದವು.

ಇಂಥ ಕಡೆ, ಕಳಸದಲ್ಲಿ, ಕಾಫಿ ವ್ಯಾಪಾರದ ಒಂದು ಕಚೇರಿ ಇದೆ ಎಂದಿಟ್ಟುಕೊಳ್ಳಿ. ಅದರ ಲೆಕ್ಕವೆಲ್ಲ ಒಂದು ವರ್ಚುವಲ್ ಮಷಿನ್‌ನಲ್ಲಿದೆ. ಅಂದರೆ ದೊಡ್ಡ ಫೈಲುಗಳ ರೂಪದಲ್ಲಿರುವ ಇಡೀ ಕಂಪ್ಯೂಟರು. ಫೈಲಾದ್ದರಿಂದ ಅದಕ್ಕೆ ಅವಳಿಯೊಂದನ್ನು ಬೆಂಗಳೂರಿನಲ್ಲಿ ಸಾಕಬಹುದು. 2012ರ ವಿಂಡೋಸ್ ಸರ್ವರ್‌ನಲ್ಲಿ ಬಂದ ಹೈಪರ್-ವಿ ರೆಪ್ಲಿಕಾ ಐದೈದು ನಿಮಿಷಕ್ಕೆ ಬದಲಾವಣೆಗಳನ್ನು ಇಂಥ ಅವಳಿಗೆ ಕಳಿಸುತ್ತಿತ್ತು. ಕಳಸದಲ್ಲಿ ಕರೆಂಟು ಹೋದರೆ ಬೆಂಗಳೂರಿನ ಅವಳಿ ಎದ್ದು ಕೆಲಸ ಹಿಡಿಯುತ್ತದೆ. ಇದು ಫೇಲ್‌ಓವರ್, ಇದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹೆಚ್ಚು ಮೆಚ್ಚುಗೆ ಆನಂತರದ ಕೆಲಸದ ಮೇಲೆ. ಮಳೆ ಬಿಟ್ಟು ಕರೆಂಟು ಬಂದ ಮೇಲೆ ಆ ಯಂತ್ರವನ್ನು ಊರಿಗೆ ಕರೆತರಬೇಕಲ್ಲ, ಆ ಫೇಲ್‌ಬ್ಯಾಕ್ ಮೇಲೆ.

ಡಿಸ್ಕು 1 ಟಿಬಿ, ಇಂಟರ್‌ನೆಟ್ ವೇಗ 20 ಎಂಬಿಪಿಎಸ್ ಎಂದಾದರೆ ಅದನ್ನು ಪೂರ್ತಿ ತರಲು ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು. ಆದರೆ ಕಳಸದ ಹಳೆಯ ಡಿಸ್ಕು ಅಲ್ಲೇ ಇದೆ, ಅದರ ಬಹುಪಾಲು ಇವತ್ತಿಗೂ ಸರಿಯಾಗಿಯೇ ಇದೆ. ಯಾವ ಭಾಗ ಸರಿ ಇಲ್ಲ ಎಂದು ತಿಳಿದರೆ ಸಾಕು.

ಎಸ್ಟೇಟಿನ ರೈಟರು ಇದನ್ನು ಬೇಗ ಹಿಡಿಯುತ್ತಾರೆ. ಒಂದೇ ಲೆಕ್ಕದ ಪುಸ್ತಕದ ಎರಡು ಪ್ರತಿ ತಾಳೆ ನೋಡಬೇಕಾದರೆ ಯಾರೂ ಸಾಲು ಸಾಲಾಗಿ ಓದುವುದಿಲ್ಲ. ಪ್ರತಿ ಪುಟದಡಿಯ ಮೊತ್ತ ಹೋಲಿಸಿ, ಹೊಂದದ ಪುಟವನ್ನು ಮಾತ್ರ ತೆರೆಯುತ್ತಾರೆ. ತಂತ್ರಾಂಶವೂ ಡಿಸ್ಕನ್ನು ಬ್ಲಾಕ್‌ಗಳಾಗಿ ಸೀಳಿ ಪ್ರತಿಯೊಂದಕ್ಕೂ ಚೆಕ್‌ಸಮ್ ಎಂಬ ಮೊತ್ತ ಹಾಕುತ್ತದೆ. ಪುಸ್ತಕದ ಮೊತ್ತದಲ್ಲಿ ಒಂದು ಕಡೆ ಹತ್ತು ಏರಿ ಇನ್ನೊಂದು ಕಡೆ ಹತ್ತು ಇಳಿದರೆ ತಪ್ಪು ಅಡಗಿಬಿಡಬಹುದು. ಒಳ್ಳೆಯ ಚೆಕ್‌ಸಮ್‌ನಲ್ಲಿ ಹಾಗಾಗುವ ಸಾಧ್ಯತೆ ಇಲ್ಲವೆಂಬಷ್ಟು ಕಡಿಮೆ. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ ರೂಪಿಸಿದ ಆರ್‌ಸಿಂಕ್ ಎಂಬ ತಂತ್ರಾಂಶ ಈ ಹೋಲಿಕೆಯನ್ನು ಇನ್ನೂ ಜಾಣತನದಿಂದ ಮಾಡಿತು. ಮೊದಲು ಹಗುರವಾದ ಮೊತ್ತ, ಅದು ಹೊಂದಿದರೆ ಮಾತ್ರ ಬಲವಾದ ಮೊತ್ತ.

ಬ್ಲಾಕ್ ಒಂದಕ್ಕೆ 1 ಎಂಬಿ ಎಂದರೆ ನಮ್ಮ ಡಿಸ್ಕಿನಲ್ಲಿ ಸುಮಾರು 10 ಲಕ್ಷ ಬ್ಲಾಕ್. ತಲಾ 16 ಬೈಟಿನ ಚೆಕ್‌ಸಮ್ ಇಟ್ಟರೆ ಒಟ್ಟು 16 ಎಂಬಿ. ಏಳು ಸೆಕೆಂಡಿನೊಳಗೆ ಘಟ್ಟ ಹತ್ತುವ ಈ ಚಿಕ್ಕ ಪಟ್ಟಿ ಒಂದು ಟಿಬಿಯ ಜಾತಕ ಹೇಳುತ್ತದೆ! ಪಟ್ಟಿ ತಯಾರಿಸಲು ಮಾತ್ರ ಎರಡೂ ಕಡೆ ಡಿಸ್ಕನ್ನು ಪೂರ್ತಿ ಓದಲೇಬೇಕು. ಸೆಕೆಂಡಿಗೆ 150 ಎಂಬಿ ಓದುವ ಡಿಸ್ಕಿಗೆ ಅದು ಹತ್ತಿರ ಹತ್ತಿರ ಎರಡು ತಾಸಿನ ಕೆಲಸ. ಆ ಹೊತ್ತಿನಲ್ಲಿ ತಂತಿಯ ಮೇಲೆ ಏನೂ ಹರಿಯದಿರುವುದನ್ನು ಕಂಡು ಯಂತ್ರ ಕೆಟ್ಟಿತೆಂದು ಗಾಬರಿಯಾಗಬಾರದು.

ತರಬೇಕಾದ ಹೊರೆ ಎಷ್ಟೆಂಬ ಅಂದಾಜಿನಲ್ಲಿ ಹೊಸಬರು ಎಡವುತ್ತಾರೆ. ತಲಾ 200 ಬೈಟಿನ 10,000 ಬಿಲ್ಲು ಬರೆದರೆ ಆಗುವುದು 2 ಎಂಬಿ. ಆದರೆ ಒಂದು ಸಾಲು ತಿದ್ದಿದರೂ ಪುಟವನ್ನೇ ತರಬೇಕು. ಆ ಬಿಲ್ಲುಗಳು 10,000 ಬೇರೆ ಬೇರೆ ಬ್ಲಾಕ್‌ಗಳಲ್ಲಿ ಚದುರಿದ್ದರೆ ಹೊರೆ 10 ಜಿಬಿ, ಒಂದು ತಾಸಿಗೂ ಹೆಚ್ಚಿನ ಪ್ರಯಾಣ. ವಿಂಡೋಸ್ ಅಪ್‌ಡೇಟ್, ಡೇಟಾಬೇಸಿನ ಇಂಡೆಕ್ಸ್ ಮರುಜೋಡಣೆ, ಡಿಸ್ಕ್ ಡಿಫ್ರ್ಯಾಗ್ ಇವೆಲ್ಲ ಸದ್ದಿಲ್ಲದೆ ಪುಟ ಬದಲಿಸುತ್ತವೆ. ಆದ್ದರಿಂದ ನುರಿತವರು ಯಂತ್ರ ಪರಸ್ಥಳದಲ್ಲಿರುವಾಗ ಇಂಥ ಕೆಲಸಗಳನ್ನು ತಡೆಹಿಡಿಯುತ್ತಾರೆ.

ಈ ಕಸುಬಿನ ಅತಿ ಸೂಕ್ಷ್ಮ ಜಾಗ ಬೇರೆ ಇದೆ. ಬೆಂಗಳೂರಿನ ಯಂತ್ರ ತಾನು ಬದಲಿಸಿದ ಬ್ಲಾಕ್‌ಗಳನ್ನು ಆಗಿಂದಾಗ್ಗೆ ಗುರುತು ಹಾಕಿಕೊಂಡರೆ, ಎರಡು ತಾಸಿನ ಓದು ಬೇಡ, ಗುರುತಿನವನ್ನಷ್ಟೇ ಕಳಿಸಿದರಾಯಿತು ಎನಿಸುತ್ತದೆ. ಆದರೆ ಕಳಸದಲ್ಲಿ ಕರೆಂಟು ಹೋಗುವ ಮುಂಚಿನ ಕೊನೆಯ ನಿಮಿಷಗಳ ಬರವಣಿಗೆ ಬೆಂಗಳೂರಿಗೆ ತಲುಪಿರಲಿಲ್ಲ. ಆ ಪುಟಗಳ ಗುರುತು ಬೆಂಗಳೂರಿನ ಪಟ್ಟಿಯಲ್ಲಿ ಇರುವುದಿಲ್ಲ. ಅವನ್ನು ಹಾಗೇ ಬಿಟ್ಟರೆ ಒಂದೇ ಪುಸ್ತಕದಲ್ಲಿ ಎರಡು ಕಾಲದ ಲೆಕ್ಕ ಬೆರೆತು, ಡೇಟಾಬೇಸ್ ಕೆಡುತ್ತದೆ. ವೀಮ್ ತಂತ್ರಾಂಶದಲ್ಲಿ ಇಂಥ ವೇಗದ ದಾರಿಯೊಂದಿದೆ. ಕರೆಂಟು ಹೋಗಿ ಅಥವಾ ಡಿಸ್ಕು ಕೈಕೊಟ್ಟು ನಿಂತ ಯಂತ್ರಕ್ಕೆ ಅದನ್ನು ಬಳಸಬೇಡಿ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಮಲೆನಾಡಿನಲ್ಲಿ ಯಂತ್ರ ನಿಲ್ಲುವುದೇ ಹೆಚ್ಚಾಗಿ ಹಾಗೆ. ಎರಡು ತಾಸು ಹೋದರೆ ಹೋಗಲಿ, ಪೂರ್ತಿ ತಾಳೆ ನೋಡುವುದೇ ಸರಿ.

ವ್ಯತ್ಯಾಸ ಬರುತ್ತಿರುವಷ್ಟು ಹೊತ್ತೂ ಬೆಂಗಳೂರಿನ ಯಂತ್ರ ದುಡಿಯುತ್ತಲೇ ಇರುತ್ತದೆ. ಕೊನೆಗೆ ಅದನ್ನು ನಿಲ್ಲಿಸಿ, ಆ ನಡುವೆ ಬದಲಾದ ಅಷ್ಟಿಷ್ಟನ್ನು ಕಳಿಸಿ, ಕಳಸದ ಯಂತ್ರವನ್ನು ಎಬ್ಬಿಸುತ್ತಾರೆ. ಗುಮಾಸ್ತರಿಗೆ ಕೆಲಸ ನಿಂತದ್ದು ಕೆಲವೇ ನಿಮಿಷ.

ಕಳಸದ ಡಿಸ್ಕೇ ಹಾಳಾಗಿದ್ದರೆ ತಾಳೆ ನೋಡಲು ಏನೂ ಉಳಿಯುವುದಿಲ್ಲ. ಆಗ ಬೆಂಗಳೂರಿನಲ್ಲಿ ಡಿಸ್ಕಿಗೆ ಪ್ರತಿ ಇಳಿಸಿ, ಹೊರನಾಡಿನ ರಾತ್ರಿ ಬಸ್ಸಿನಲ್ಲಿ ನಂಬಿಕಸ್ತರ ಕೈಯಲ್ಲಿ ಕಳಿಸುವುದೇ ವಾಸಿ. ನಾಲ್ಕೂವರೆ ದಿನದ ದಾರಿ ಒಂದು ರಾತ್ರಿಗೆ ಮುಗಿಯುತ್ತದೆ; ಉಳಿದ ವ್ಯತ್ಯಾಸ ತಂತಿಯಲ್ಲಿ ಬರಲಿ.

ನಿಮ್ಮ ಕಚೇರಿಯಲ್ಲೂ ಇಂಥ ಅವಳಿ ಇದ್ದರೆ, ಯಂತ್ರ ಕ್ಷೇಮವಾಗಿ ಊರಿಗೆ ಮರಳುವ ತನಕ ಹಳೆಯ ಡಿಸ್ಕನ್ನು ಅಳಿಸಬೇಡಿ. ಜಾಗ ಖಾಲಿ ಮಾಡುವ ಅವಸರದಲ್ಲಿ ಮೊದಲು ಹೋಗುವುದು ಅದೇ.