ಪ್ರಯೋಗಕ್ಕೊಂದು ಜಾಲ: ಹಂಚಿ ಬಳಸುವ ಟೆಸ್ಟ್‌ಬೆಡ್‌ಗಳು

ಚಿಕ್ಕಬಾಣಾವರದ ರೈಲು ನಿಲ್ದಾಣದಲ್ಲಿ ಹಳಿ ಕವಲೊಡೆಯುತ್ತದೆ. ಯಶವಂತಪುರದಿಂದ ಬರುವ ಗಾಡಿಗಳಲ್ಲಿ ಕೆಲವು ತುಮಕೂರಿನ ಕಡೆಗೆ ಸಾಗುತ್ತವೆ. ಕೆಲವು ನೆಲಮಂಗಲ, ಕುಣಿಗಲ್ ಮಾರ್ಗವಾಗಿ ಹಾಸನದ ಕಡೆಗೆ ತಿರುಗುತ್ತವೆ. ಯಾವ ಗಾಡಿಗೆ ಯಾವ ಹಳಿ ಎಂಬುದನ್ನು ತೀರ್ಮಾನಿಸುವ ವ್ಯವಸ್ಥೆಯೊಂದು ಅಲ್ಲಿದೆ. ಇದಕ್ಕಿಂತ ಉತ್ತಮವಾದ ವಿಧಾನವೊಂದು ನಿಮಗೆ ಹೊಳೆದಿದೆ ಎಂದುಕೊಳ್ಳಿ. ಅದನ್ನು ನಾಳೆ ಬೆಳಗಿನ ಗಾಡಿಗಳ ಮೇಲೆ ಪರೀಕ್ಷಿಸಲು ಸ್ಟೇಷನ್ ಮಾಸ್ಟರ್ ಒಪ್ಪುತ್ತಾರೆಯೇ? ಖಂಡಿತ ಇಲ್ಲ. ಒಪ್ಪಲೂಬಾರದು. ಹಾಗಾದರೆ ನಿಮ್ಮ ವಿಧಾನ ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ?

ಗಣಕಜಾಲಗಳ ಸಂಶೋಧಕರಿಗೂ ಇದೇ ಕಷ್ಟ. ಅಂತರ್ಜಾಲದಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಸಣ್ಣ ಕಟ್ಟುಗಳಾಗಿ ಸಾಗುತ್ತದೆ. ದಾರಿಯ ಪ್ರತಿ ಕವಲಿನಲ್ಲೂ ರೂಟರ್ ಎಂಬ ಸಾಧನವು ಪ್ಯಾಕೆಟ್‌ನ ವಿಳಾಸ ನೋಡಿ, ತನ್ನಲ್ಲಿರುವ ಕೋಷ್ಟಕದ ಪ್ರಕಾರ ಅದನ್ನು ಮುಂದಕ್ಕೆ ಕಳಿಸುತ್ತದೆ. ಬ್ಯಾಂಕು, ಆಸ್ಪತ್ರೆ, ರೈಲ್ವೆ ಎಲ್ಲವೂ ಈ ಜಾಲವನ್ನು ನಂಬಿವೆ. ಹೊಸ ಆಲೋಚನೆಯೊಂದನ್ನು ಪರೀಕ್ಷಿಸಲು ಅದನ್ನು ಕೆಡಿಸುವಂತಿಲ್ಲ. ಪರೀಕ್ಷಿಸದೆ ಯಾರೂ ಹೊಸದನ್ನು ಅಳವಡಿಸಿಕೊಳ್ಳುವಂತಿಲ್ಲ. ಈ ಬಿಕ್ಕಟ್ಟಿಗೆ ಕಂಡುಕೊಂಡ ಪರಿಹಾರವೇ ಹಲವರು ಹಂಚಿಕೊಂಡು ಬಳಸುವ, ಬೇಕಾದಂತೆ ಪ್ರೋಗ್ರಾಂ ಮಾಡಬಹುದಾದ ಪ್ರಯೋಗ ಜಾಲ. ಇದನ್ನು ಟೆಸ್ಟ್‌ಬೆಡ್ ಎನ್ನುತ್ತಾರೆ.

ಅನುಕರಣೆ ಸಾಲದೇ?

ನೀವು ಕೇಳಬಹುದು: ಗಣಕದಲ್ಲೇ ಜಾಲವನ್ನು ಅನುಕರಿಸುವ ತಂತ್ರಾಂಶಗಳಿವೆಯಲ್ಲ, ಅವು ಸಾಲವೇ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದ ಜಾಲ ಪ್ರಯೋಗಾಲಯದಲ್ಲಿ ಎನ್‌ಎಸ್-2, ಎನ್‌ಎಸ್-3 ಎಂಬ ಇಂಥ ತಂತ್ರಾಂಶಗಳ ಪ್ರಯೋಗಗಳಿದ್ದವು. ಪಾಠವನ್ನು ಅರ್ಥ ಮಾಡಿಕೊಳ್ಳಲು ಅವು ಬಹಳ ಉಪಯುಕ್ತ.

ಆದರೆ ಭೌತಶಾಸ್ತ್ರದ ಮೇಷ್ಟರಾಗಿ ನನಗೊಂದು ಅನುಮಾನ. ಲೋಲಕದ ಪ್ರಯೋಗದಲ್ಲಿ ಮೂವತ್ತು ವಿದ್ಯಾರ್ಥಿಗಳೂ ಗುರುತ್ವ ವೇಗೋತ್ಕರ್ಷ 9.80 ಎಂದೇ ಬರೆದು ತಂದರೆ ನಾನು ಸಹಿ ಹಾಕುವುದಿಲ್ಲ. ಒಬ್ಬರಿಗೆ 9.6, ಮತ್ತೊಬ್ಬರಿಗೆ 9.9 ಬರಲೇಬೇಕು. ಕೈ ನಡುಗುತ್ತದೆ, ಗಾಳಿ ಬೀಸುತ್ತದೆ, ದಾರ ಹಿಗ್ಗುತ್ತದೆ. ಈ ಚದರಿಕೆ ಏಕೆ ಬಂತು ಎಂದು ಕೇಳುವಲ್ಲೇ ವಿಜ್ಞಾನ ಆರಂಭವಾಗುತ್ತದೆ. ಒಮ್ಮೆ ಜಾಲ ಪ್ರಯೋಗಾಲಯದ ರೆಕಾರ್ಡ್ ಪುಸ್ತಕಗಳನ್ನು ನೋಡುವ ಸಂದರ್ಭ ಬಂತು. ಎಲ್ಲರ ಉತ್ತರವೂ ದಶಮಾಂಶದ ಕೊನೆಯ ಅಂಕಿಯವರೆಗೆ ಒಂದೇ! ಯಾರೂ ನಕಲು ಮಾಡಿರಲಿಲ್ಲ. ಅದೇ ಪ್ರೋಗ್ರಾಂ, ಅದೇ ಆರಂಭಿಕ ಸಂಖ್ಯೆ ಕೊಟ್ಟರೆ ಅನುಕರಣೆಯು ಎಲ್ಲರಿಗೂ ಅದೇ ಉತ್ತರ ಕೊಡುತ್ತದೆ. ಆರಂಭಿಕ ಸಂಖ್ಯೆ ಬದಲಿಸಿದರೆ ಉತ್ತರ ಬದಲಾಗುತ್ತದೆ, ನಿಜ. ಆದರೆ ಆ ಬದಲಾವಣೆಯೂ ನಾವೇ ಒಳಗಿಟ್ಟ ಸೂತ್ರದಿಂದ ಬಂದದ್ದು. ನಾವು ಊಹಿಸದ ಸಂಗತಿ ಅನುಕರಣೆಯಲ್ಲಿ ಎದುರಾಗುವುದಿಲ್ಲ; ನಿಜವಾದ ಜಾಲದಲ್ಲಿ ಎದುರಾಗುವುದು ಮುಖ್ಯವಾಗಿ ಅದೇ.

1986ರ ಒಂದು ಪಾಠ

1986ರ ಅಕ್ಟೋಬರ್‌ನಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ದೊರೆಯಿತು. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಆವರಣಕ್ಕೂ ನಡುವಿನ ಅಂತರ ಸುಮಾರು 400 ಗಜ. ಇವೆರಡರ ನಡುವೆ ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಸಂಪರ್ಕವು ಇದ್ದಕ್ಕಿದ್ದಂತೆ 40 ಬಿಟ್‌ಗೆ ಕುಸಿಯಿತು. ತಂತಿ ಕಡಿದಿರಲಿಲ್ಲ. ದಟ್ಟಣೆಯಿಂದ ಪ್ಯಾಕೆಟ್‌ಗಳು ತಡವಾದಾಗ, ಅವು ಕಳೆದುಹೋದವೆಂದು ತಿಳಿದ ಗಣಕಗಳು ಮತ್ತೆ ಮತ್ತೆ ಅವನ್ನೇ ಕಳಿಸುತ್ತಿದ್ದವು. ಇದರಿಂದ ದಟ್ಟಣೆ ಇನ್ನಷ್ಟು ಹೆಚ್ಚುತ್ತಿತ್ತು. ವ್ಯಾನ್ ಜೇಕಬ್‌ಸನ್ ಮತ್ತು ಮೈಕ್ ಕ್ಯಾರೆಲ್ಸ್ ಇದನ್ನು ಅಳೆದು, ಕಾರಣ ಹುಡುಕಿ, ದಟ್ಟಣೆ ಕಂಡಾಗ ವೇಗ ತಗ್ಗಿಸುವ ನಿಯಮಗಳನ್ನು 1988ರಲ್ಲಿ ಪ್ರಕಟಿಸಿದರು. ಇಂದಿನ ಟಿಸಿಪಿ ನಿಯಮಾವಳಿಯು ಆ ಅಡಿಪಾಯದ ಮೇಲೆ ಬೆಳೆದಿದೆ.

ಅದೇ 1986ರಲ್ಲಿ ಭಾರತದಲ್ಲಿ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲ ಆರಂಭವಾಯಿತು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಹಾಗೂ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಇದಕ್ಕೆ ಹಣ ಒದಗಿಸಿದವು. ಅಂದಿನ ಐದು ಐಐಟಿಗಳು, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ, ದೆಹಲಿಯ ಇಲಾಖೆ ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದರ ಭಾಗಿಗಳು. ಸಂಸ್ಥೆಯಲ್ಲಿ 1988ರಿಂದ 2003ರವರೆಗೆ ಪ್ರೊ. ಅನುರಾಗ್ ಕುಮಾರ್ ಈ ಯೋಜನೆಯ ಸಂಯೋಜಕರಾಗಿದ್ದರು. ಮಿಂಚಂಚೆ ಒದಗಿಸುವುದಷ್ಟೇ ಅರ್ನೆಟ್‌ನ ಗುರಿಯಾಗಿರಲಿಲ್ಲ. ಜಾಲಗಳ ಬಗ್ಗೆ ಸಂಶೋಧನೆ, ತರಬೇತಿ ಎರಡೂ ಅದರ ಉದ್ದೇಶಗಳಲ್ಲಿದ್ದವು. ದೇಶದ ಮೊದಲ ತಲೆಮಾರಿನ ಜಾಲತಜ್ಞರಿಗೆ ಅದು ಸೇವೆಯೂ ಹೌದು, ಪ್ರಯೋಗಶಾಲೆಯೂ ಹೌದು.

ಲೆಕ್ಕ ಮಾಡಿ ನೋಡೋಣ

1990ರ ದಶಕದ ಆರಂಭದಲ್ಲಿ ಅರ್ನೆಟ್‌ನ ಊರೂರ ನಡುವಿನ ಸಂಪರ್ಕಗಳ ವೇಗ ಸೆಕೆಂಡಿಗೆ 9,600 ಬಿಟ್. 1,500 ಬೈಟ್‌ಗಳ ಒಂದು ಪ್ಯಾಕೆಟ್ ಎಂದರೆ 12,000 ಬಿಟ್. ಅದನ್ನು ತಂತಿಗೆ ಇಳಿಸಲು 12,000 ÷ 9,600, ಅಂದರೆ 1.25 ಸೆಕೆಂಡು ಬೇಕು. ಇಂದಿನ ಗಿಗಾಬಿಟ್ ಸಂಪರ್ಕದಲ್ಲಿ ಅದೇ ಕೆಲಸಕ್ಕೆ 12 ಮೈಕ್ರೋಸೆಕೆಂಡು ಸಾಕು.

ಆದರೆ ಒಂದು ಸಂಖ್ಯೆ ಬದಲಾಗಿಲ್ಲ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ರೈಲು ಹಾದಿಯಂತೆ ಸುಮಾರು 2,400 ಕಿಲೋಮೀಟರ್ ತಂತು ಎಂದುಕೊಂಡರೆ ಒಂದು ಕಡೆಗೆ 12 ಮಿಲಿಸೆಕೆಂಡು, ಹೋಗಿಬರಲು 24 ಮಿಲಿಸೆಕೆಂಡು. ಈಗ ವೇಗವನ್ನು ಈ ಕಾಲದಿಂದ ಗುಣಿಸಿ. ಹೋಗಿಬರುವ ಈ 24 ಮಿಲಿಸೆಕೆಂಡಿನಲ್ಲಿ 9,600ರ ತಂತಿಗೆ ಇಳಿಯುವುದು ಬರೀ 230 ಬಿಟ್: ಒಂದು ಪ್ಯಾಕೆಟ್‌ನ ಐವತ್ತರಲ್ಲೊಂದು ಭಾಗ. ಗಿಗಾಬಿಟ್ ತಂತುವಿಗೆ ಇಳಿಯುವುದು 2.4 ಕೋಟಿ ಬಿಟ್, ಅಂದರೆ 2,000 ಪ್ಯಾಕೆಟ್. ಮುಂದೆ ದಟ್ಟಣೆಯಿದೆ ಎಂಬ ಸುದ್ದಿ ತಲುಪುವ ಮೊದಲೇ ಎರಡು ಸಾವಿರ ಪ್ಯಾಕೆಟ್‌ಗಳು ಹೊರಟುಹೋಗಿರುತ್ತವೆ! ಒಂದು ಕಾಲದ ಜಾಲಕ್ಕೆ ಒಪ್ಪುವ ನಿಯಮ ಮತ್ತೊಂದು ಕಾಲಕ್ಕೆ ಒಪ್ಪಬೇಕಾಗಿಲ್ಲ. ಆದ್ದರಿಂದ ಜಾಲ ಬೆಳೆದಂತೆಲ್ಲ ಪರೀಕ್ಷೆಯೂ ಹೊಸದಾಗಿ ನಡೆಯಬೇಕು.

ಮುಯ್ಯಾಳು ಪದ್ಧತಿ

ಪ್ರತಿಯೊಂದು ವಿಶ್ವವಿದ್ಯಾಲಯವೂ ದೇಶದೇಶಗಳಲ್ಲಿ ಸ್ವಂತ ಗಣಕಗಳನ್ನು ಇಡಲಾರದು. ನಮ್ಮ ಹಳ್ಳಿಗಳಲ್ಲಿ ಇಂಥ ಸಮಸ್ಯೆಗೆ ಮುಯ್ಯಾಳು ಎಂಬ ಉತ್ತರವಿದೆ. ಇಂದು ನಿಮ್ಮ ಹೊಲದ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬನ್ನಿ. 2002ರಲ್ಲಿ ಅಮೆರಿಕದಲ್ಲಿ ಆರಂಭವಾದ ಪ್ಲಾನೆಟ್‌ಲ್ಯಾಬ್ ನಡೆದದ್ದು ಹೀಗೆಯೇ. ಸೇರುವ ಸಂಸ್ಥೆಯು ಕನಿಷ್ಠ ಎರಡು ಗಣಕಗಳನ್ನು ತನ್ನ ಆವರಣದಲ್ಲಿಟ್ಟು ಜಾಲಕ್ಕೆ ಜೋಡಿಸಬೇಕು. ಪ್ರತಿಯಾಗಿ ಉಳಿದೆಲ್ಲ ಸಂಸ್ಥೆಗಳ ಗಣಕಗಳನ್ನೂ ಬಳಸಬಹುದು. ಮೊದಲ ವರ್ಷವೇ 42 ಸ್ಥಳಗಳಲ್ಲಿ 100 ಗಣಕಗಳಿದ್ದವು. ಮುಂದೆ ಸಾವಿರ ದಾಟಿತು.

ಒಂದೇ ಗಣಕವನ್ನು ಹಲವರು ಬಳಸುವಾಗ ಒಬ್ಬರ ಪ್ರಯೋಗ ಇನ್ನೊಬ್ಬರದನ್ನು ಕೆಡಿಸಬಾರದಲ್ಲವೇ? ಇದಕ್ಕೆ ಹೋಳು ಮಾಡುವ ವಿಧಾನವಿದೆ. ತಂತ್ರಾಂಶವು ಪ್ರತಿ ಗಣಕದೊಳಗೆ ಗೋಡೆಗಳನ್ನು ಎಬ್ಬಿಸಿ, ಒಬ್ಬೊಬ್ಬರಿಗೂ ಒಂದೊಂದು ಕೋಣೆ ಕೊಡುತ್ತದೆ. ಎಲ್ಲ ಗಣಕಗಳಲ್ಲಿರುವ ನಿಮ್ಮ ಕೋಣೆಗಳನ್ನು ಒಟ್ಟುಗೂಡಿಸಿದರೆ ಅದು ನಿಮ್ಮ ಹೋಳು. ಅದರೊಳಗೆ ನೀವೇ ಒಡೆಯರು.

ರೂಟರ್‌ಗಳನ್ನೂ ಹೀಗೆ ಹಂಚಿಕೊಳ್ಳಬಹುದೇ? ಅವುಗಳ ಒಳಗಿನ ನಿಯಮಗಳನ್ನು ತಯಾರಕರು ಮುಚ್ಚಿಡುತ್ತಿದ್ದುದರಿಂದ ಇದು ಕಷ್ಟವಾಗಿತ್ತು. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ನಿಕ್ ಮೆಕ್‌ಕ್ಯೂನ್ ಮತ್ತು ಸಂಗಡಿಗರು ಓಪನ್‌ಫ್ಲೋ ಎಂಬ ವಿಧಾನ ಸೂಚಿಸಿದರು. ಸಾಧನದೊಳಗಿನ ಕೋಷ್ಟಕವನ್ನು ಹೊರಗಿನ ಗಣಕವೊಂದು ಬರೆಯಲು ಬಿಟ್ಟರೆ ಸಾಕು. ಆಗ ಕಾಲೇಜಿನ ದಿನನಿತ್ಯದ ಸಂಚಾರ ಎಂದಿನಂತೆ ನಡೆಯುತ್ತದೆ. ಗುರುತು ಹಾಕಿದ ಪ್ರಯೋಗದ ಪ್ಯಾಕೆಟ್‌ಗಳು ಮಾತ್ರ ಸಂಶೋಧಕರ ನಿಯಮ ಪಾಲಿಸುತ್ತವೆ. ನಮ್ಮ ರೈಲಿನ ಹೋಲಿಕೆಯಲ್ಲಿ ಹೇಳುವುದಾದರೆ, ಪ್ರಯಾಣಿಕರ ಗಾಡಿಗೆ ಹಳೆಯ ನಿಯಮ, ಪರೀಕ್ಷೆಯ ಗಾಡಿಗೆ ಹೊಸ ನಿಯಮ, ಹಳಿ ಮಾತ್ರ ಒಂದೇ.

ಹಂಚಿಕೆಯ ಕಷ್ಟಗಳು

ಇದರಲ್ಲಿ ತೊಡಕುಗಳೂ ಇವೆ. ಪಕ್ಕದ ಕೋಣೆಯವರು ಗಣಕವನ್ನು ಹೆಚ್ಚು ದುಡಿಸಿದರೆ ನಿಮ್ಮ ಅಳತೆ ಏರುಪೇರಾಗುತ್ತದೆ. ಆದ್ದರಿಂದ ಒಂದೇ ಅಳತೆಯನ್ನು ನಂಬದೆ, ಬೇರೆ ಬೇರೆ ಹೊತ್ತಿನಲ್ಲಿ ಹಲವು ಅಳತೆಗಳನ್ನು ತೆಗೆದುಕೊಳ್ಳಬೇಕು. ಇನ್ನೊಂದು ತೊಡಕು ಹೊಣೆಯದು. ಜಾಲದ ವಿಸ್ತಾರ ಅಳೆಯಲು ಸಾವಿರಾರು ವಿಳಾಸಗಳಿಗೆ ಪ್ಯಾಕೆಟ್ ಕಳಿಸಿದರೆ, ಅದನ್ನು ಪಡೆದವರಿಗೆ ದಾಳಿಯಂತೆ ಕಾಣಬಹುದು. ಪ್ಲಾನೆಟ್‌ಲ್ಯಾಬ್‌ಗೆ ಇಂಥ ದೂರುಗಳು ಬರುತ್ತಿದ್ದವು. ಯಾವ ಹೋಳಿನಿಂದ ಯಾವ ಪ್ಯಾಕೆಟ್ ಹೊರಟಿತು ಎಂಬ ದಾಖಲೆಯನ್ನು ಅಲ್ಲಿ ಇಡಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ಕಷ್ಟ ನಿರ್ವಹಣೆ. ಪ್ಲಾನೆಟ್‌ಲ್ಯಾಬ್ 2020ರಲ್ಲಿ ನಿಂತಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಜೆನಿ ಯೋಜನೆ 2023ರಲ್ಲಿ ಮುಗಿಯಿತು. ಅವುಗಳ ಜಾಗಕ್ಕೆ 2014ರಲ್ಲಿ ಶುರುವಾದ ಕ್ಲೌಡ್‌ಲ್ಯಾಬ್, 2019ರಲ್ಲಿ ಶುರುವಾದ ಫ್ಯಾಬ್ರಿಕ್ ಮುಂತಾದವು ಬಂದಿವೆ. ಗಣಕ ಕೊಳ್ಳಲು ಒಮ್ಮೆ ಹಣ ಸಿಗುತ್ತದೆ. ಅದನ್ನು ವರ್ಷವಿಡೀ ನೋಡಿಕೊಳ್ಳುವ ಮನುಷ್ಯರಿಗೆ ಪ್ರತಿ ವರ್ಷವೂ ಸಂಬಳ ಬೇಕು. ಟೆಸ್ಟ್‌ಬೆಡ್ ಕಟ್ಟಬಯಸುವವರು ಮೊದಲು ನೆನಪಿಡಬೇಕಾದ ಮಾತು ಇದು.

ನಮ್ಮಲ್ಲಿ ಏನಿದೆ?

ನಮ್ಮ ದೇಶದಲ್ಲೂ ಹಂಚಿ ಬಳಸುವ ಪ್ರಯತ್ನಗಳಾಗಿವೆ. ಎಂಟು ಸಂಸ್ಥೆಗಳು ಸೇರಿ ರೂಪಿಸಿದ ದೇಶೀಯ 5ಜಿ ಟೆಸ್ಟ್‌ಬೆಡ್ 2022ರ ಮೇ 17ರಂದು ಉದ್ಘಾಟನೆಯಾಯಿತು. ಐದು ಸ್ಥಳಗಳಲ್ಲಿ ಹರಡಿದ ಅದರ ಒಂದು ಭಾಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ವಾಹನಗಳು ಪರಸ್ಪರ ಹಾಗೂ ರಸ್ತೆಯ ಸಾಧನಗಳೊಡನೆ ಮಾತಾಡುವ ತಂತ್ರ ಮತ್ತು ಮುಕ್ತ ತಂತ್ರಾಂಶದ 5ಜಿ ಪರೀಕ್ಷೆಗೆ ಅದು ಮೀಸಲು. ಶಿಕ್ಷಣದ ಕಡೆಯಲ್ಲಿ ಕೇಂದ್ರದ ವರ್ಚುವಲ್ ಲ್ಯಾಬ್ಸ್ ಯೋಜನೆಯಿದೆ. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಅದರ ಪಾಲುದಾರರಲ್ಲಿ ಒಂದು. ದೊಡ್ಡ ಸಂಸ್ಥೆಗಳ ಮಾತು ಹೀಗಾಯಿತು. ಸಾಮಾನ್ಯ ಕಾಲೇಜಿನ ವಿದ್ಯಾರ್ಥಿ ಏನು ಮಾಡಬೇಕು?

ನಾಳೆಯೇ ಮಾಡಬಹುದಾದ ಮೂರು ಕೆಲಸ

ಮೊದಲನೆಯದು ಅಳತೆ. ಯಾವ ಗಣಕದಲ್ಲೂ ಇರುವ ಪಿಂಗ್ ಆದೇಶದಿಂದ ದೂರದ ಗಣಕವೊಂದಕ್ಕೆ ಪ್ಯಾಕೆಟ್ ಹೋಗಿಬರುವ ಕಾಲವನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೂರು ನೂರು ಸಲ ಅಳೆಯಿರಿ. ಅತಿ ಕಡಿಮೆ ಕಾಲವು ಮುಖ್ಯವಾಗಿ ದೂರವನ್ನು ಹೇಳುತ್ತದೆ. ಅದರ ಮೇಲಿನ ಚದರಿಕೆಯು ದಾರಿಯ ಸಾಲುಗಳನ್ನು ಹೇಳುತ್ತದೆ. ವಿದೇಶದ್ದೆಂದು ನೀವು ತಿಳಿದ ತಾಣವು 3 ಮಿಲಿಸೆಕೆಂಡಿನಲ್ಲಿ ಉತ್ತರ ಕೊಟ್ಟರೆ, ಅದು 300 ಕಿಲೋಮೀಟರ್‌ಗಿಂತ ದೂರ ಇರಲು ಸಾಧ್ಯವೇ ಇಲ್ಲ. ಏಕೆಂದು ವಿದ್ಯಾರ್ಥಿಗಳೇ ಹೇಳಲಿ.

ಎರಡನೆಯದು ಕೃತಕ ಜಾಲ. 2010ರಲ್ಲಿ ಬಂದ ಮಿನಿನೆಟ್ ಎಂಬ ಉಚಿತ ತಂತ್ರಾಂಶವು ಲಿನಕ್ಸ್ ಇರುವ ಒಂದೇ ಗಣಕದೊಳಗೆ ಹತ್ತಾರು ಗಣಕಗಳ ಜಾಲವನ್ನು ಸೃಷ್ಟಿಸುತ್ತದೆ. ಇಲ್ಲಿ ಓಡುವುದು ಲಿನಕ್ಸ್‌ನ ನಿಜವಾದ ಟಿಸಿಪಿ. ಎರಡು ಗಣಕಗಳ ನಡುವೆ 12 ಮಿಲಿಸೆಕೆಂಡು ವಿಳಂಬ, 9,600 ಬಿಟ್ ವೇಗ ಕೊಟ್ಟು ಅರ್ನೆಟ್‌ನ ಕಾಲವನ್ನು ಮರಳಿ ತನ್ನಿ. 1,500 ಬೈಟ್‌ಗಳ ಪಿಂಗ್ ಹೋಗಿಬರಲು ಲೆಕ್ಕದ ಪ್ರಕಾರ ಸುಮಾರು 2.5 ಸೆಕೆಂಡು ಬೇಕು. ಮೊದಲ ಪ್ಯಾಕೆಟ್ ಬೇಗ ಬಂದರೆ ಗಾಬರಿ ಬೇಡ. ವೇಗಕ್ಕೆ ಮಿತಿ ಹಾಕುವ ತಂತ್ರಾಂಶವು ಆರಂಭದಲ್ಲಿ ತುಸು ರಿಯಾಯಿತಿ ಕೊಡುವುದುಂಟು. ಆ ವ್ಯತ್ಯಾಸವನ್ನು ರೆಕಾರ್ಡಿನಲ್ಲಿ ಹಾಗೆಯೇ ಬರೆಯಿಸಿ, ಕಾರಣ ಹುಡುಕಿಸಿ.

ಮೂರನೆಯದು ಮುಯ್ಯಿ. ಪಕ್ಕದ ಎರಡು ಕಾಲೇಜುಗಳ ಅಧ್ಯಾಪಕರೊಡನೆ ಮಾತಾಡಿ. ಒಂದೊಂದು ಕಾಲೇಜು ಒಂದೊಂದು ಹಳೆಯ ಗಣಕವನ್ನು ಇದಕ್ಕಾಗಿ ಮೀಸಲಿಡಲಿ. ಜಾಲ ನಿರ್ವಾಹಕರ ಅನುಮತಿ ಪಡೆಯಿರಿ, ಬಳಸುವವರ ದಾಖಲೆ ಇಡಿ, ಅದನ್ನು ನೋಡಿಕೊಳ್ಳುವ ಒಬ್ಬರ ಹೆಸರನ್ನು ಗೋಡೆಯ ಮೇಲೆ ಬರೆಯಿರಿ. ಮೂರು ಗಣಕಗಳ ಈ ಜಾಲದಿಂದ ದೊಡ್ಡ ಸಂಶೋಧನೆ ಹುಟ್ಟದಿರಬಹುದು. ಆದರೆ ವರ್ಷದ ಕೊನೆಗೆ ಮೂವತ್ತು ರೆಕಾರ್ಡ್ ಪುಸ್ತಕಗಳಲ್ಲಿ ಮೂವತ್ತು ಬೇರೆ ಬೇರೆ ಉತ್ತರಗಳಿರುತ್ತವೆ. ಅವನ್ನು ಮುಂದಿಟ್ಟುಕೊಂಡು ಪಾಠ ಆರಂಭಿಸಬಹುದು.