ಕಾರಿನ ಹಾಡುಪೆಟ್ಟಿಗೆಯೂ ಒಂದು ನೀಲಿ ತಂತಿಯೂ

ಭಾನುವಾರ ಬೆಳಗ್ಗೆ ಹಾಸನದಿಂದ ಅರಕಲಗೂಡಿಗೆ ಮದುವೆಗೆಂದು ಹೊರಟ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಕಾರು ಎಂಟು ಹತ್ತು ವರ್ಷ ಹಳೆಯದು. ಅದರೊಳಗಿನ ಸ್ಟೀರಿಯೊ ಮಾತ್ರ ಹಿಂದಿನ ವಾರ ಬಂದದ್ದು. ಕಾರ್ಖಾನೆಯಿಂದ ಬಂದ ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ಹೊಸದನ್ನು ಕೂರಿಸಿದವನು ಮನೆಯ ಮಗನೇ. ಮೊಬೈಲಿನ ಹಾಡುಗಳು ಸೊಗಸಾಗಿ ಕೇಳಿಬರುತ್ತಿವೆ. ಊರು ದಾಟಿ ಕೆಲವು ಕಿಲೋಮೀಟರು ಸಾಗುವಷ್ಟರಲ್ಲಿ ಹಿಂದಿನ ಸೀಟಿನಿಂದ ಅಜ್ಜಿಯ ದನಿ ಏಳುತ್ತದೆ: "ಏನೋ ಮಗು, ಹಾಸನ ಸ್ಟೇಷನ್ನು ಯಾಕೆ ಹೀಗೆ ಗೊರಗೊರ ಅನ್ನುತ್ತೆ? ಹಳೇ ಪೆಟ್ಟಿಗೆಯಲ್ಲಿ ಚೆನ್ನಾಗಿ ಬರ್ತಿತ್ತಲ್ಲ!"

ಮಗನಲ್ಲಿ ಉತ್ತರವಿಲ್ಲ. ಉತ್ತರವಿರುವುದು ಡ್ಯಾಶ್‌ಬೋರ್ಡಿನ ಹಿಂದೆ, ಯಾವುದಕ್ಕೂ ಸೇರದೆ ನೇತಾಡುತ್ತಿರುವ ಒಂದು ನೀಲಿ ತಂತಿಯಲ್ಲಿ.

ಕಾರಿನಲ್ಲಿ ರೇಡಿಯೊ ಕೇಳುವ ಹವ್ಯಾಸಕ್ಕೆ ಈಗ ತೊಂಬತ್ತು ವರ್ಷ ಮೀರಿತು. 1930ರಲ್ಲಿ ಅಮೆರಿಕೆಯ ಪಾಲ್ ಗಾಲ್ವಿನ್ ಎಂಬ ಉದ್ಯಮಿ ತನ್ನ ಕಾರಿಗೆ ರೇಡಿಯೊ ಜೋಡಿಸಿಕೊಂಡು ರೇಡಿಯೊ ತಯಾರಕರ ಸಮ್ಮೇಳನಕ್ಕೆ ಹೋದನು. ಒಳಗೆ ಮಳಿಗೆ ಇರಲಿಲ್ಲವಾದ್ದರಿಂದ ಹೊರಗೆ ಕಾರು ನಿಲ್ಲಿಸಿ ಹೋಗಿಬರುವವರಿಗೆಲ್ಲ ಕೇಳಿಸಿದನು. ಆ ಯಂತ್ರಕ್ಕೆ ಇಟ್ಟ 'ಮೋಟೊರೋಲ' ಎಂಬ ಹೆಸರೇ ಮುಂದೆ ಆತನ ಸಂಸ್ಥೆಯ ಹೆಸರೂ ಆಯಿತು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಬಿತ್ತರಿಸತೊಡಗಿದ್ದು 1935ರಲ್ಲಿ. ಆ ಬಳಿಕ ಬಹುಕಾಲ ನಮ್ಮ ದೇಶದಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯ ಪರವಾನಗಿ ಬೇಕಾಗಿದ್ದಿತು. ಅದು ರದ್ದಾದದ್ದು 1980ರ ದಶಕದಲ್ಲಿ. ಈಗ ಪರವಾನಗಿಯ ಚಿಂತೆಯಿಲ್ಲ, ತಂತಿಗಳ ಚಿಂತೆ ಮಾತ್ರ.

ಅದೂ ದೊಡ್ಡ ಚಿಂತೆಯಲ್ಲ. ಸ್ಟೀರಿಯೊ ಕೂರುವ ಕಿಂಡಿಗೆ ಜಗತ್ತಿನಾದ್ಯಂತ ಒಂದು ಅಳತೆ ಗೊತ್ತಾಗಿದೆ. ಒಂಟಿ ಅಳತೆಯದು 180 ಮಿಲಿಮೀಟರು ಅಗಲ, 50 ಎತ್ತರ. ಜೋಡಿ ಅಳತೆಯದು ಅಷ್ಟೇ ಅಗಲ, 100 ಎತ್ತರ. ಕೆಲವು ಜಪಾನೀ ಮಾದರಿಗಳಲ್ಲಿ ಅಗಲ 200 ಇರುವುದುಂಟು. ಅಂಗಡಿಗೆ ಹೋಗುವ ಮುನ್ನ ಅಳೆದು ನೋಡಿಕೊಂಡರೆ ಒಂದು ವ್ಯರ್ಥ ಪ್ರಯಾಣ ತಪ್ಪುತ್ತದೆ.

ಬಿಚ್ಚುವ ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ತುದಿಯನ್ನು ಸಡಿಲಿಸಿ ತೆಗೆದಿಡತಕ್ಕದ್ದು. ಅನಂತರ ಕೆಲವು ನಿಮಿಷ ಸುಮ್ಮನೆ ಕಾಯಬೇಕು. 2019ರ ಜುಲೈನಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದಕ್ಕಿಂತ ಹಳೆಯ ಎಷ್ಟೋ ಕಾರುಗಳಲ್ಲೂ ಅದು ಉಂಟು. ಅದರ ಸರ್ಕ್ಯೂಟಿನಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ. ಹಳದಿ ಹೊದಿಕೆಯ ತಂತಿಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು; ಅವನ್ನು ಮುಟ್ಟದಿರುವುದೇ ಲೇಸು. ಸ್ಟೀರಿಯೊದ ಸುತ್ತಲಿನ ಫ್ರೇಮು ಒಳಗಿನ ಕ್ಲಿಪ್ಪುಗಳ ಹಿಡಿತದಲ್ಲಿರುತ್ತದೆ. ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ಮೆಲ್ಲನೆ ಮೀಟಿದರೆ ಅದು ಕಳಚುತ್ತದೆ, ಅವಸರಪಟ್ಟರೆ ಮುರಿಯುತ್ತದೆ. ಚಳಿಗಾಲದ ಬೆಳಗಿನಲ್ಲಿ ಪ್ಲಾಸ್ಟಿಕ್ಕು ಹೆಚ್ಚು ಪೆಡಸು. ಬಿಸಿಲೇರಿದ ಮೇಲೆ ಕೈಹಾಕುವುದು ಜಾಣತನ. ಫ್ರೇಮಿನ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಪೆಟ್ಟಿಗೆ ಕೈಗೆ ಬರುತ್ತದೆ.

ಇಲ್ಲಿಯೇ ಅನೇಕರು ಎಡವುವುದು. ಪೆಟ್ಟಿಗೆಯ ಹಿಂದೆ ತಂತಿಗಳೆಲ್ಲ ಒಂದೆಡೆ ಸೇರುವ ಕಪ್ಲರ್ ಇರುತ್ತದೆ. ಹೊಸ ಸ್ಟೀರಿಯೊದ ಕಪ್ಲರ್ ಅದಕ್ಕೆ ಹೊಂದುವುದಿಲ್ಲ. ಕತ್ತರಿ ಹಿಡಿದು ಹಳೆಯದನ್ನು ಕತ್ತರಿಸಿ, ತಂತಿಗೆ ತಂತಿ ತಿರುಚಿ, ಟೇಪು ಸುತ್ತುವುದು ಸುಲಭವೆಂದು ತೋರುತ್ತದೆ. ಆದರೆ ಟೇಪಿನ ಅಂಟು ಬೇಸಗೆಯ ಕಾವಿಗೆ ಸಡಿಲಿ ಬರಿ ತಂತಿಗಳು ಒಂದನ್ನೊಂದು ತಾಕಿದರೆ ಫ್ಯೂಸು ಹೋಗುತ್ತದೆ. ಯಾರಾದರೂ ಅಲ್ಲಿ ಮಿತಿಮೀರಿದ ಫ್ಯೂಸು ಹಾಕಿದ್ದರೆ ತಂತಿಯೇ ಸುಡುತ್ತದೆ. ಎರಡು ಕಪ್ಲರುಗಳ ನಡುವೆ ಕೂರುವ ಜೋಡಣೆಯ ತಂತಿ, ಆಯಾ ಕಾರಿನ ಮಾದರಿಗೆ ತಕ್ಕಂತೆ, ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಅದನ್ನು ಬಳಸಿದವನು ಕಾರು ಮಾರುವ ದಿನ ಹಳೆಯ ಪೆಟ್ಟಿಗೆಯನ್ನು ಕಾಲು ಗಂಟೆಯಲ್ಲಿ ಮರಳಿ ಕೂರಿಸಬಲ್ಲನು.

ಹೊಸ ಸ್ಟೀರಿಯೊದ ತಂತಿಗಳ ಬಣ್ಣಗಳಿಗೆ ಸಾಮಾನ್ಯವಾಗಿ ಒಂದೇ ಅರ್ಥ. ಹಳದಿ, ಬ್ಯಾಟರಿಯಿಂದ ಸದಾ ಬರುವ ವಿದ್ಯುತ್ತು. ಕೆಂಪು, ಕೀಲಿ ತಿರುಗಿಸಿದಾಗ ಮಾತ್ರ ಬರುವುದು. ಕಪ್ಪು, ಅರ್ತಿಂಗ್. ಹಳದಿ ಮತ್ತು ಕೆಂಪು ಎರಡನ್ನೂ ಕೀಲಿಗೇ ಕಟ್ಟಿದರೆ ಗಡಿಯಾರವೂ ನೆನಪಿಟ್ಟ ಸ್ಟೇಷನ್ನುಗಳೂ ಪ್ರತಿಸಲ ಅಳಿಸಿಹೋಗುತ್ತವೆ. ಎರಡನ್ನೂ ಬ್ಯಾಟರಿಗೇ ಕಟ್ಟಿದರೆ ಒಂದು ದಿನ ಬೆಳಗ್ಗೆ ಕಾರನ್ನು ನೂಕಬೇಕಾದೀತು. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರುಗಳಿಗೆ. ಇವುಗಳಲ್ಲಿ ಒಂದೂ ಕಾರಿನ ಲೋಹದ ಮೈಗೆ ತಾಕಕೂಡದು, ತಾಕಿದರೆ ಹೊಸ ಪೆಟ್ಟಿಗೆಯ ಆಂಪ್ಲಿಫೈಯರು ಕೆಡುವ ಸಂಭವವುಂಟು.

ಇನ್ನು ಆ ನೀಲಿ ತಂತಿ. ಛಾವಣಿಯ ಮೇಲೆ ಗಿಡ್ಡ ಏರಿಯಲ್ ಇರುವ ಹಲವು ಕಾರುಗಳಲ್ಲಿ ಅದರ ಬುಡದೊಳಗೆ ಒಂದು ಪುಟ್ಟ ಆಂಪ್ಲಿಫೈಯರು ಅಡಗಿರುತ್ತದೆ. ಗಿಡ್ಡ ಕಡ್ಡಿ ಹಿಡಿದ ಕ್ಷೀಣ ಅಲೆಯನ್ನು ಬಲಪಡಿಸುವುದು ಅದರ ಕೆಲಸ. ಅದಕ್ಕೆ ವಿದ್ಯುತ್ತು ಕೊಡುವುದು ನೀಲಿ ತಂತಿ. ಅದನ್ನು ಜೋಡಿಸದಿದ್ದರೆ ಹಾಡಿಗೆ ಏನೂ ಆಗುವುದಿಲ್ಲ, ರೇಡಿಯೊ ಮಾತ್ರ ಸೊರಗುತ್ತದೆ. ಹಾಸನದ ಆಕಾಶವಾಣಿಯ 102.2 ಮೆಗಾಹರ್ಟ್ಸ್ ಎಫ್.ಎಂ. ಅಲೆಯು ಹೆಚ್ಚುಕಡಿಮೆ ನೇರದಾರಿಯಲ್ಲಿ ಸಾಗುವಂಥದು. ಊರೊಳಗೆ ಅದು ಎಷ್ಟು ಪ್ರಬಲವೆಂದರೆ ಏರಿಯಲ್ ನೆಟ್ಟಗಿಲ್ಲದಿದ್ದರೂ ದನಿ ಕೇಳುತ್ತದೆ. ಮನೆಯ ಮುಂದೆ ನಿಲ್ಲಿಸಿ ಪರೀಕ್ಷಿಸಿದ ಮಗನಿಗೆ ಲೋಪ ತಿಳಿಯದಿದ್ದುದು ಅದರಿಂದಲೇ. ದೂರ ಹೋದಂತೆ, ದಿಣ್ಣೆಗಳು ಅಡ್ಡಬಂದಂತೆ, ಅಜ್ಜಿಯ ಕಿವಿಗೆ ಅದು ತಿಳಿಯಿತು. ಕೆಲವು ಕಾರುಗಳಲ್ಲಿ ಈ ವಿದ್ಯುತ್ತು ಏರಿಯಲ್ಲಿನ ತಂತಿಯ ಮೂಲಕವೇ ಹೋಗುತ್ತದೆ; ಅವಕ್ಕೆ ಬೇರೊಂದು ಸಣ್ಣ ಅಡಾಪ್ಟರ್ ಬೇಕು. ಏರಿಯಲ್ಲಿನಲ್ಲಿ ಆಂಪ್ಲಿಫೈಯರೇ ಇಲ್ಲದಿದ್ದರೆ ನೀಲಿ ತಂತಿಯ ತುದಿಗೆ ಟೇಪು ಸುತ್ತಿ ಬಿಟ್ಟುಬಿಡಬಹುದು.

ಈಚಿನ ಕಾರುಗಳ ಮಾತೇ ಬೇರೆ. ಹಿಂಬದಿಯ ಕ್ಯಾಮೆರಾ, ಸ್ಟೀರಿಂಗಿನ ಮೇಲಿನ ಗುಂಡಿಗಳು, ಎಚ್ಚರಿಕೆಯ ಸದ್ದುಗಳು ಎಲ್ಲವೂ ಆ ಒಂದೇ ಪರದೆಗೆ ಹೆಣೆದುಕೊಂಡಿರುತ್ತವೆ. ವಾರಂಟಿ ಮುಗಿಯದ ಇಂಥ ಕಾರಿನಲ್ಲಿ ಸ್ವಂತ ಸಾಹಸ ಸಲ್ಲದು. ಹಳೆಯ ಕಾರಿನಲ್ಲಾದರೂ ಮನಸ್ಸು ಅಳುಕಿದರೆ, ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ಪರಿಚಯದ ಆಟೋ ಎಲೆಕ್ಟ್ರಿಷಿಯನ್‌ನನ್ನು ಕಂಡು, ತಂತಿ ಕತ್ತರಿಸಬೇಡವೆಂದು ಮೊದಲೇ ಹೇಳಿ, ಪಕ್ಕದಲ್ಲಿ ನಿಂತು ನೋಡಬಹುದು.

ಕೆಲಸ ಮುಗಿದ ಮೇಲೆ ಫ್ರೇಮನ್ನು ಒತ್ತಿ ಕೂರಿಸುವ ಮೊದಲು ಬ್ಯಾಟರಿ ಜೋಡಿಸಿ ನಾಲ್ಕೂ ಸ್ಪೀಕರು, ದೀಪ, ಗಡಿಯಾರಗಳನ್ನು ನೋಡಿಕೊಳ್ಳಬೇಕು. ರೇಡಿಯೊ ಪರೀಕ್ಷೆಯನ್ನು ಮಾತ್ರ ಹಾಸನದೊಳಗೆ ಮಾಡಿ ಪ್ರಯೋಜನವಿಲ್ಲ. ಚನ್ನರಾಯಪಟ್ಟಣದ ದಾರಿಯಲ್ಲಿ ಹದಿನೈದಿಪ್ಪತ್ತು ಕಿಲೋಮೀಟರು ಹೋಗಿ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ, 102.2ಕ್ಕೆ ತಿರುಗಿಸಿ ಕೇಳತಕ್ಕದ್ದು. ಅಜ್ಜಿಯನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.