ಪೆಟ್ರೋಲ್ ಮುಳ್ಳಿನ ಮೇಲಿನ ಅಪವಾದಗಳು

ತಾಳ್ಯ ಹೊಳಲ್ಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳ ಮೆಕ್ಕೆಜೋಳ, ಈರುಳ್ಳಿ, ಅಡಿಕೆ ಎಲ್ಲವೂ ಲಗೇಜ್ ಆಟೊ, ಪಿಕಪ್, ಟ್ರ್ಯಾಕ್ಟರುಗಳ ಮೇಲೆಯೇ ಹೊಳಲ್ಕೆರೆಗೂ ಚಿತ್ರದುರ್ಗಕ್ಕೂ ಹೋಗಬೇಕು. ಹತ್ತು ವರ್ಷ ದಾಟಿದ ಇಂಥ ಗಾಡಿಯಲ್ಲಿ ಪೆಟ್ರೋಲ್ ಮೀಟರು ನಿಜ ಹೇಳುತ್ತಿದ್ದರೆ ಅದೇ ಆಶ್ಚರ್ಯ. ಬ್ರೇಕ್ ಕೆಟ್ಟರೆ ಅಂದೇ ಗ್ಯಾರೇಜಿಗೆ ಹೋಗುವವರು ಮೀಟರು ಕೆಟ್ಟರೆ ವರ್ಷಗಟ್ಟಲೆ ಹಾಗೇ ಓಡಿಸುತ್ತಾರೆ. ಕಿಲೋಮೀಟರ್ ಲೆಕ್ಕ ಇಟ್ಟುಕೊಳ್ಳುತ್ತಾರೆ, ಗಾಡಿ ಅಲ್ಲಾಡಿಸಿ ಸದ್ದು ಕೇಳುತ್ತಾರೆ. ಅದರ ನಡುವೆ ಮುಳ್ಳಿನ ಬಗ್ಗೆ ಒಂದಿಷ್ಟು ನಂಬಿಕೆಗಳು ಬೆಳೆದುಬಿಟ್ಟಿವೆ. ಕೆಲವು ಬರೀ ತಮಾಷೆ, ಕೆಲವು ಜೇಬಿಗೆ ಭಾರ, ಒಂದೆರಡು ಅಪಾಯಕಾರಿ.

“ಮುಳ್ಳು ಏಳ್ತಿಲ್ಲ ಅಂದ್ರೆ ಮೀಟ್ರೇ ಹೋಗೈತೆ”

ದುಬಾರಿಯಾಗುವುದು ಈ ನಂಬಿಕೆಯೇ. ಮೀಟರಿನ ಇಡೀ ಪೆಟ್ಟಿಗೆ ಬದಲಾಯಿಸಿ, ಮುಳ್ಳು ಮತ್ತೆ ಅಲ್ಲೇ ಬಿದ್ದುಕೊಂಡಿರುವುದನ್ನು ನೋಡಿ ಕೈ ಹಿಸುಕಿಕೊಂಡವರು ಕಡಿಮೆಯಿಲ್ಲ.

ಒಳಗಿನ ವ್ಯವಸ್ಥೆ ಸರಳ. ಮನೆಯ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ನೋಡಿದವರಿಗೆ ಅರ್ಧ ಅರ್ಥವಾದ ಹಾಗೆ. ಪೆಟ್ರೋಲ್ ಟ್ಯಾಂಕಿನೊಳಗೆ ಒಂದು ತೇಲುಬುಂಡೆ, ಅದಕ್ಕೊಂದು ತಂತಿಯ ಕೈ. ಮೆಕ್ಯಾನಿಕ್‌ಗಳು ಎರಡನ್ನೂ ಸೇರಿಸಿ ‘ಫ್ಲೋಟ್’ ಅನ್ನುತ್ತಾರೆ. ಬುಂಡೆ ಏರಿಳಿದಂತೆ ಕೈಯ ಇನ್ನೊಂದು ತುದಿಯ ಪುಟ್ಟ ಲೋಹದ ನಾಲಿಗೆ ಒಂದು ರೆಸಿಸ್ಟೆನ್ಸ್ ಪಟ್ಟಿಯ ಮೇಲೆ ಉಜ್ಜಿಕೊಂಡು ಸರಿಯುತ್ತದೆ. ಆಗ ವೈರಿನಲ್ಲಿ ಹರಿಯುವ ವಿದ್ಯುತ್ತು ಹೆಚ್ಚು ಕಡಿಮೆಯಾಗುತ್ತದೆ, ಮುಳ್ಳು ಅದಕ್ಕೆ ತಕ್ಕಂತೆ ವಾಲುತ್ತದೆ. ಅಂದರೆ ಕೆಡಲು ನಾಲ್ಕು ಜಾಗಗಳಿವೆ: ಟ್ಯಾಂಕಿನೊಳಗಿನ ಫ್ಲೋಟ್, ಅಲ್ಲಿಂದ ಬರುವ ವೈರು ಮತ್ತು ಅದರ ಕಪ್ಲರ್, ಅರ್ತ್, ಕೊನೆಗೆ ಮೀಟರು. ಮೀಟರನ್ನೇ ಮೊದಲು ದೂರುವುದು ಅದು ಕಣ್ಣಿಗೆ ಕಾಣುತ್ತದೆ ಎನ್ನುವ ಒಂದೇ ಕಾರಣಕ್ಕೆ. ನಾಲ್ಕರಲ್ಲಿ ಅತಿ ಕಡಿಮೆ ಕಷ್ಟ ಪಡುವುದು ಅದು. ಹಗಲಿರುಳು ಪೆಟ್ರೋಲಿನಲ್ಲಿ ಮುಳುಗಿ, ಪ್ರತಿ ಗುಂಡಿಗೂ ಉಜ್ಜಿಕೊಳ್ಳುವುದು ಫ್ಲೋಟಿನ ನಾಲಿಗೆ. ಕೆಸರು ತಿನ್ನುವುದು ಕಪ್ಲರ್.

ಯಾವುದು ಕೆಟ್ಟಿದೆ ಎಂದು ತಿಳಿಯಲು ಏನನ್ನೂ ಕೊಳ್ಳಬೇಕಾಗಿಲ್ಲ. ಟ್ಯಾಂಕಿನ ಬಳಿಯ ಕಪ್ಲರನ್ನು ಬಿಚ್ಚಿ, ಕೀ ಆನ್ ಮಾಡಿ ಮುಳ್ಳು ನೋಡಿ. ಆಮೇಲೆ ಕೀ ಆಫ್ ಮಾಡಿ, ಮೀಟರಿಗೆ ಹೋಗುವ ಸಿಗ್ನಲ್ ವೈರನ್ನು ಗಾಡಿಯ ಬಾಡಿಗೆ ತಾಗಿಸಿ, ಮತ್ತೆ ಕೀ ಆನ್ ಮಾಡಿ. ಒಂದು ಸಲ ಮುಳ್ಳು ಒಂದು ತುದಿಗೆ, ಇನ್ನೊಂದು ಸಲ ಮತ್ತೊಂದು ತುದಿಗೆ ಹೋಗಬೇಕು. ಬಿಚ್ಚಿದಾಗ ಖಾಲಿಗೆ ಬೀಳುತ್ತದೋ ಫುಲ್‌ಗೆ ಏರುತ್ತದೋ ಎಂಬುದು ಕಂಪನಿಗೊಂದು ಥರ, ಅದು ಮುಖ್ಯವಲ್ಲ. ಎರಡೂ ತುದಿ ಮುಟ್ಟಿತೆಂದರೆ ಮೀಟರು ಗಟ್ಟಿ, ವೈರು ಗಟ್ಟಿ, ಕಾಯಿಲೆ ಟ್ಯಾಂಕಿನ ಕಡೆಗೇ ಇದೆ. ಜಗ್ಗಲಿಲ್ಲವೆಂದರೆ ವೈರು, ಫ್ಯೂಸು, ಮೀಟರಿನ ಕಡೆ ಹುಡುಕಬೇಕು. ಟೆಂಪರೇಚರ್ ಮುಳ್ಳೂ ಜೊತೆಗೇ ಸತ್ತಿದ್ದರೆ ಫ್ಯೂಸಿನಿಂದ ಶುರು ಮಾಡುವುದು ಜಾಣತನ. ಹಳೆಯ ಗಾಡಿಗಳಲ್ಲಿರುವ, ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಿ ಮುಳ್ಳನ್ನು ಸರಿಸುವ ಮೀಟರುಗಳು ನಿಧಾನ. ಅರ್ಧ ನಿಮಿಷವಾದರೂ ಕಾಯದೆ ತೀರ್ಪು ಕೊಡಬಾರದು.

ಒಂದು ಎಚ್ಚರಿಕೆ. ಡಿಜಿಟಲ್ ಮೀಟರಿನ ಹೊಸ ಗಾಡಿಗಳಲ್ಲಿ ವೈರನ್ನು ನೇರವಾಗಿ ಬಾಡಿಗೆ ತಾಗಿಸುವುದು ಒಳ್ಳೆಯದಲ್ಲ. ನಡುವೆ ಒಂದು ರೆಸಿಸ್ಟರ್ ಇಟ್ಟು ನೋಡಬೇಕು, ಇಲ್ಲವೇ ಸ್ಕ್ಯಾನರ್ ಹಾಕಿಸಬೇಕು. ಎಷ್ಟು ಓಮ್ಸ್ ಅನ್ನುವುದೂ ಗಾಡಿಯಿಂದ ಗಾಡಿಗೆ ಬೇರೆ. ಯುರೋಪಿನ ಒಂದು ಹಳೆಯ ಪದ್ಧತಿಯಲ್ಲಿ ಖಾಲಿಗೆ 10, ಫುಲ್‌ಗೆ 180 ಓಮ್ಸ್. ಅಮೆರಿಕದ ಒಂದು ಪದ್ಧತಿಯಲ್ಲಿ ತಿರುಗುಮುರುಗು, ಖಾಲಿಗೆ 240, ಫುಲ್‌ಗೆ 33. ಹಾಗಾಗಿ ‘ಯಾವುದೋ ಒಂದು ಫ್ಲೋಟ್’ ತಂದು ಕೂರಿಸಿದರೆ ಮುಳ್ಳು ಅಲ್ಲಾಡುತ್ತದೆ ನಿಜ, ಹೇಳುವುದು ಮಾತ್ರ ಸುಳ್ಳು. ಟ್ಯಾಂಕ್ ತುಂಬಿದಷ್ಟೂ ಮುಳ್ಳು ಇಳಿಯುವ ಗಾಡಿ ಎಲ್ಲಾದರೂ ಕಂಡರೆ ಕಾರಣ ಇದೇ.

“ವೈರ್ ತುಂಡಾಗಿಲ್ಲ, ಹಂಗಾಗಿ ವೈರಿಂಗ್ ಸರಿ ಐತೆ”

ಅರ್ತ್ ಎನ್ನುವುದನ್ನು ಯಾರೂ ವೈರಿಂಗ್ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಫ್ಲೋಟಿನಿಂದ ಹೊರಟ ವಿದ್ಯುತ್ತು ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸು ಹೋಗಬೇಕು. ಅರ್ತಿನ ಬೋಲ್ಟಿಗೆ ತುಕ್ಕು ಹಿಡಿದರೆ, ಅಥವಾ ಟ್ಯಾಂಕಿಗೆ ಹೊಸ ಪೇಂಟ್ ಹೊಡೆಸಿ ಅದರ ಮೇಲೇ ಬೋಲ್ಟ್ ಬಿಗಿದರೆ, ತುಕ್ಕೂ ಪೇಂಟೂ ಸೇರಿ ಇನ್ನೊಂದು ರೆಸಿಸ್ಟೆನ್ಸ್ ಆಗುತ್ತವೆ. ಮುಳ್ಳು ಅದನ್ನೂ ಕೂಡಿಸಿಕೊಂಡೇ ಓದುತ್ತದೆ. ಇದರ ಗುರುತು ಸುಲಭ: ಹೆಡ್‌ಲೈಟ್ ಅಥವಾ ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮುಳ್ಳೂ ಕುಣಿಯುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಫ್ಲೋಟಿನ ಅರ್ತಿಗೆ ಹಿಡಿದು, ಕೀ ಆನ್ ಇಟ್ಟು ನೋಡಿ. 0.1 ವೋಲ್ಟಿನ ಆಸುಪಾಸಿನಲ್ಲಿದ್ದರೆ ಸರಿ. ಅದಕ್ಕಿಂತ ಏರುತ್ತಾ ಹೋದರೆ ಒಂದು ತುಂಡು ಉಪ್ಪುಕಾಗದದಲ್ಲಿ ಮುಗಿಯುವ ಕೆಲಸ ಅದು. ಕೆಸರುಗದ್ದೆಗೆ ಇಳಿದು, ನೀರೆರಚಿ ತೊಳೆಸಿಕೊಳ್ಳುವ ಟ್ರ್ಯಾಕ್ಟರುಗಳಲ್ಲಿ ನಾನಂತೂ ಮೊದಲು ನೋಡು ಎನ್ನುವುದು ಇದನ್ನೇ.

“ರೆಡ್ ಲೈಟ್ ಉರಿದ್ರೂ ಮುಳ್ಳು ಅರ್ಧದಾಗೈತೆ, ಲೈಟೇ ಸುಳ್ಳು”

ಇಲ್ಲಿ ನಂಬಬೇಕಾದ್ದು ಲೈಟನ್ನು. ಅನೇಕ ಹಳೆಯ ಕಾರು, ಪಿಕಪ್‌ಗಳಲ್ಲಿ ಆ ಲೈಟಿಗೂ ಮುಳ್ಳಿಗೂ ಸಂಬಂಧವಿಲ್ಲ. ಟ್ಯಾಂಕಿನ ತಳದ ಹತ್ತಿರ ಥರ್ಮಿಸ್ಟರ್ ಎಂಬ ಒಂದು ಪುಟ್ಟ ತುಂಡು ಬೇರೆಯೇ ಇರುತ್ತದೆ. ಎಣ್ಣೆಯಲ್ಲಿ ಮುಳುಗಿರುವ ತನಕ ಅದು ತಣ್ಣಗಿರುತ್ತದೆ, ಲೈಟಿಗೆ ಸಾಕಷ್ಟು ವಿದ್ಯುತ್ತನ್ನು ಬಿಡುವುದಿಲ್ಲ. ಎಣ್ಣೆ ಇಳಿದು ಅದು ಗಾಳಿಗೆ ತೆರೆದುಕೊಂಡರೆ ಬಿಸಿಯಾಗಿ, ತಡೆ ಕಡಿಮೆಯಾಗಿ, ಲೈಟು ಹೊತ್ತುತ್ತದೆ. ಅದಕ್ಕೇ ಇವೆರಡರ ಜಗಳ ಒಂದು ಒಳ್ಳೆಯ ಸುಳಿವು. ಲೈಟು ಉರಿಯುತ್ತಿದ್ದು ಮುಳ್ಳು ಅರ್ಧದಲ್ಲೇ ನಿಂತಿದ್ದರೆ ಫ್ಲೋಟಿನ ಕೈ ಎಲ್ಲೋ ಸಿಕ್ಕಿಕೊಂಡಿದೆ. ಟ್ಯಾಂಕ್ ತುಂಬಿದ್ದರೂ ಮುಳ್ಳು ತಳದಲ್ಲಿದ್ದು ಲೈಟು ಆರಿದ್ದರೆ, ಬುಂಡೆ ತೂತಾಗಿ ಎಣ್ಣೆ ಕುಡಿದು ಮುಳುಗಿರುವ ಸಾಧ್ಯತೆ ಹೆಚ್ಚು. ಹೊಸ ಗಾಡಿಗಳಲ್ಲಿ ಲೈಟೂ ಫ್ಲೋಟಿನ ಲೆಕ್ಕದಲ್ಲೇ ಹೊತ್ತುತ್ತದೆ. ಅಲ್ಲಿ ಈ ಸಾಕ್ಷಿ ಸಿಗುವುದಿಲ್ಲ. ‘ಇನ್ನು ಇಷ್ಟು ಕಿಲೋಮೀಟರ್ ಹೋಗಬಹುದು’ ಎಂದು ತೋರಿಸುವ ಅಂಕಿಯೂ ಅದೇ ಫ್ಲೋಟನ್ನು ನಂಬಿ, ಈಚಿನ ಮೈಲೇಜಿನ ಸರಾಸರಿ ಹಿಡಿದು ಹೇಳುವ ಊಹೆ. ಫ್ಲೋಟ್ ಸುಳ್ಳಾದರೆ ಅದೂ ಸುಳ್ಳು.

“ಅರ್ಧ ಅಂದ್ರೆ ಅರ್ಧ ಟ್ಯಾಂಕು”

ಬುಂಡೆ ಅಳೆಯುವುದು ಎತ್ತರವನ್ನು, ಲೀಟರನ್ನಲ್ಲ. ಬೈಕಿನ ಟ್ಯಾಂಕು ಮೇಲೆ ಅಗಲ, ಕೆಳಗೆ ಫ್ರೇಮಿನ ಎರಡೂ ಬದಿಗೆ ಇಳಿಬಿದ್ದ ಕಿರಿದಾದ ಜಾಗ. ಮೇಲಿನ ಅರ್ಧ ನಿಧಾನವಾಗಿ, ಕೆಳಗಿನ ಅರ್ಧ ದಬದಬ ಇಳಿದಂತೆ ಕಾಣುವುದು ಇದರಿಂದಲೇ. ಟ್ಯಾಂಕ್ ಬಾಯಿಯವರೆಗೆ ತುಂಬಿದಾಗ ಬುಂಡೆ ಅದಕ್ಕಿಂತ ಮೊದಲೇ ಮೇಲಿನ ಮಿತಿ ಮುಟ್ಟಿರುತ್ತದೆ. ಆದ್ದರಿಂದ ಎಷ್ಟೋ ದೂರ ಮುಳ್ಳು ಫುಲ್ಲಿನಲ್ಲೇ ಕೂತಿರುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ ಬೈಕು, ದಿಬ್ಬದ ಮೇಲೆ ಮೂತಿ ಎತ್ತಿ ನಿಂತ ಪಿಕಪ್ಪು, ಇವುಗಳ ಮುಳ್ಳು ನೋಡಿ ಲೆಕ್ಕ ಹಾಕಬಾರದು. ಕೀ ತೆಗೆದ ಮೇಲೂ ಮುಳ್ಳು ಇದ್ದಲ್ಲೇ ಇದೆ ಎಂದು ಕೆಲವರು ಗಾಬರಿಯಾಗುತ್ತಾರೆ. ಕೆಲವು ಮೀಟರುಗಳನ್ನು ಹಾಗೇ ಮಾಡಿರುತ್ತಾರೆ, ಅಷ್ಟೇ.

“ಐನೂರು ರೂಪಾಯಿದು ಹಾಕಿಸ್ದೆ, ಮುಳ್ಳೇ ಏಳಲಿಲ್ಲ, ಬಂಕಿನೋರು ಮೋಸ ಮಾಡಿದ್ರು”

ಮೋಸ ಎಲ್ಲೂ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಮುಳ್ಳು ಸಾಕ್ಷಿಯಲ್ಲ. ಸಾಕ್ಷಿ ಬೇಕಿದ್ದರೆ ಬಂಕಿನಲ್ಲೇ ಇದೆ: ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆ. ಅನುಮಾನ ಬಂದ ಗ್ರಾಹಕ ಅದರಲ್ಲಿ ಹಾಕಿ ತೋರಿಸಿ ಎಂದು ಕೇಳಬಹುದು. 5 ಲೀಟರಿಗೆ 25 ಮಿಲಿಲೀಟರಿನಷ್ಟು ಹೆಚ್ಚು ಕಡಿಮೆಗೆ ಮಾತ್ರ ಅವಕಾಶ. ನಮ್ಮಲ್ಲಿ ಇದನ್ನು ಕೇಳಲು ಜನ ಯಾಕೆ ಸಂಕೋಚಪಡುತ್ತಾರೋ! ಬಂಕಿನಾಚೆ ಬಂದು ಅರ್ಧ ಗಂಟೆ ಬೈಯುವುದಕ್ಕಿಂತ ಅದು ಸುಲಭ.

ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲೀಟರಿಗೆ ಲೀಟರ್ ನೋಡಿದರೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಕಾಗದದ ಲೆಕ್ಕದಲ್ಲಿ, ಬೆರಕೆಯಿಲ್ಲದ ಪೆಟ್ರೋಲಿಗೆ ಹೋಲಿಸಿದರೆ, ಈ ಮಿಶ್ರಣದ ಶಕ್ತಿ ಶೇ 6–7 ಕಡಿಮೆಯಾಗುತ್ತದೆ. ಮುಳ್ಳು ಮೊದಲಿಗಿಂತ ಬೇಗ ಇಳಿಯುತ್ತಿದೆ ಅನ್ನಿಸಿದರೆ ಮುಳ್ಳು ನಿಜವನ್ನೇ ಹೇಳುತ್ತಿರಬಹುದು.

“ಟ್ಯಾಂಕಿನಾಗೆ ಕರೆಂಟ್ ವೈರ್ ಬಿಟ್ಟವ್ರೆ, ಯಾವತ್ತಾದ್ರೂ ಸಿಡೀತದೆ”

ಹೆದರಿಕೆ ಸಹಜ, ಆದರೆ ಜಾಗ ತಪ್ಪಿದೆ. ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಗಾಳಿಯಲ್ಲಿ ಅದರ ಪಾಲು ಸುಮಾರು ಶೇ 1.4ರಿಂದ 7.6ರ ನಡುವೆ ಇರಬೇಕು. ಮುಚ್ಚಿದ ಟ್ಯಾಂಕಿನೊಳಗೆ ಆವಿ ಅದಕ್ಕಿಂತ ತೀರಾ ದಟ್ಟ. ಫ್ಲೋಟಿನ ವೈರಿನಲ್ಲಿ ಹರಿಯುವ ವಿದ್ಯುತ್ತೂ ಅತ್ಯಲ್ಪ. ಅಪಾಯ ಇರುವುದು ಹೊರಗೆ, ಮುಚ್ಚಳ ತೆಗೆದು ಬಗ್ಗಿ ನೋಡುವ ಜಾಗದಲ್ಲಿ. ಅಲ್ಲಿ ಆವಿ ಗಾಳಿಯೊಡನೆ ಬೆರೆತು ಸರಿಯಾಗಿ ಹೊತ್ತುವ ಹದಕ್ಕೆ ಬಂದಿರುತ್ತದೆ, ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿಯುತ್ತದೆ. ಪೆಟ್ರೋಲಿನ ಜ್ವಲನಬಿಂದು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ. ನಮ್ಮ ಕಡೆಯ ಮಾಗಿಯ ಚಳಿ ಅದಕ್ಕೆ ಲೆಕ್ಕವೇ ಅಲ್ಲ. ಎಷ್ಟಿದೆ ನೋಡಲು ಕಡ್ಡಿ ಗೀರುವವರು, ಬೀಡಿ ಕಚ್ಚಿಕೊಂಡೇ ಫ್ಲೋಟ್ ಬಿಚ್ಚುವವರು ಇನ್ನೂ ಇದ್ದಾರೆ. ಫ್ಲೋಟ್ ಹೊರತೆಗೆಯುವುದಿದ್ದರೆ ಬಯಲಿನಲ್ಲಿ, ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ಟ್ಯಾಂಕ್ ಆದಷ್ಟು ಖಾಲಿ ಮಾಡಿಕೊಂಡು ತೆಗೆಯಬೇಕು.

“ಕೋಲು ಬಿಟ್ಟು ನೋಡಿದ್ರೆ ಆಯ್ತಪ್ಪ, ಮೀಟರ್ ಯಾಕೆ?”

ಬರದ ವರ್ಷಗಳಲ್ಲಿ ಅಡಿಕೆ ತೋಟ ಉಳಿಸಿಕೊಳ್ಳಲು ಹಗಲೂ ರಾತ್ರಿ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರುಗಳಲ್ಲಿ ಡೀಸೆಲ್ ಲೆಕ್ಕ ನಡೆಯುವುದು ಕೋಲಿನ ಮೇಲೆಯೇ. ಕೋಲು ಕೆಟ್ಟದ್ದಲ್ಲ, ಸುಳ್ಳನ್ನೂ ಹೇಳದು. ಎಡವುವುದು ಕೋಲಿನ ಗುರುತನ್ನು ಲೀಟರು ಮಾಡುವ ತಲೆಲೆಕ್ಕದಲ್ಲಿ.

1983ರ ಜುಲೈ 23ರಂದು ಏರ್ ಕೆನಡಾದ ಒಂದು ಬೋಯಿಂಗ್ 767 ವಿಮಾನಕ್ಕೆ ಆದದ್ದು ಇದೇ. ಇಂಧನ ಅಳೆಯುವ ಪೆಟ್ಟಿಗೆಯಲ್ಲಿ ಒಂದು ಕೆಟ್ಟ ಬೆಸುಗೆ, ಮೀಟರುಗಳಲ್ಲಿ ಅಂಕಿಯೇ ಇಲ್ಲ. ಸಿಬ್ಬಂದಿ ನಮ್ಮ ಟ್ರ್ಯಾಕ್ಟರಿನವರಂತೆ ಅಳತೆಕಡ್ಡಿ ಹಾಕಿ ನೋಡಿದರು, ಲೀಟರಿನ ಲೆಕ್ಕ ಸರಿಯಾಗಿಯೇ ಬಂತು. ಅದನ್ನು ತೂಕಕ್ಕೆ ತಿರುಗಿಸುವಾಗ ಕಿಲೋದ 0.8ರ ಬದಲು ಪೌಂಡಿನ 1.77ರಿಂದ ಗುಣಿಸಿದರು. 22,300 ಕಿಲೋ ಬೇಕಿದ್ದಲ್ಲಿ ತುಂಬಿಕೊಂಡದ್ದು 22,300 ಪೌಂಡು, ಅಂದರೆ ಅರ್ಧಕ್ಕಿಂತ ಕಡಿಮೆ. 41,000 ಅಡಿ ಎತ್ತರದಲ್ಲಿ ಇಂಧನ ಮುಗಿಯುತ್ತಾ ಬಂತು, ಎರಡೂ ಎಂಜಿನ್ ಒಂದರ ಹಿಂದೊಂದು ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್‌ಗೆ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ತೇಲಿಸಿ ಇಳಿಸಿದರು. 69 ಮಂದಿಯೂ ಬದುಕಿದರು.

ಟ್ರ್ಯಾಕ್ಟರಿಗೆ ಅಷ್ಟು ಎತ್ತರವಿಲ್ಲ. ಆದರೆ ಡೀಸೆಲ್ ಪೂರ್ತಿ ಮುಗಿದರೆ ಲೈನಿಗೆ ಏರ್ ಹಿಡಿಯುತ್ತದೆ, ಮತ್ತೆ ತುಂಬಿದ ಮಾತ್ರಕ್ಕೆ ಸ್ಟಾರ್ಟ್ ಆಗುವುದಿಲ್ಲ. ಫಿಲ್ಟರಿನ ಬೋಲ್ಟ್ ಸಡಿಲಿಸಿ, ಕೈಪಂಪು ಒತ್ತಿ ಏರ್ ಬಿಡಿಸಬೇಕು. ಇನ್‌ಜೆಕ್ಷನ್ ಇರುವ ಪೆಟ್ರೋಲ್ ಗಾಡಿಗಳ ಪಂಪು ಟ್ಯಾಂಕಿನೊಳಗೇ ಇದ್ದು, ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ. ಸದಾ ತಳದಲ್ಲೇ ಓಡಿಸಿದರೆ ಮೊದಲು ಸೊರಗುವುದು ಪಂಪು.

“ಮುಗಿದ್ರೆ ರಿಸರ್ವ್‌ಗೆ ಹಾಕಿದ್ರಾಯ್ತು”

ಹಳೆಯ ಕಾರ್ಬೊರೇಟರ್ ಬೈಕುಗಳಿಗೆ ಈ ಮಾತು ಸರಿ. 2020ರ ಏಪ್ರಿಲ್ 1ರಂದು ಬಿಎಸ್–6 ಬಂದ ಮೇಲೆ ಹೆಚ್ಚಿನ ಬೈಕುಗಳು ಇನ್‌ಜೆಕ್ಷನ್‌ಗೆ ತಿರುಗಿದವು. ಅವುಗಳಲ್ಲಿ ತಿರುಗಿಸಲು ಆ ರಿಸರ್ವ್ ಕಾಕೇ ಇಲ್ಲ. ಮೊದಲು ಮೀಟರು ಸತ್ತರೂ ಕೈಯಲ್ಲಿ ಒಂದು ಎಚ್ಚರಿಕೆ ಉಳಿದಿತ್ತು; ಈಗ ಫ್ಲೋಟೊಂದೇ ಗತಿ. ಹೊಸ ಬೈಕಿನ ಮೀಟರನ್ನು ಹಳೆಯದರಷ್ಟು ಉದಾಸೀನ ಮಾಡಲಾಗದು ಎನ್ನುವುದು ಅದಕ್ಕೇ.

“ಬ್ಯಾಟರಿ ಬಿಚ್ಚಿ ಹಾಕು, ಸರಿ ಹೋಗ್ತದೆ”

ಡಿಜಿಟಲ್ ಮೀಟರು ಸಿಕ್ಕಿಕೊಂಡಿದ್ದರೆ ಒಮ್ಮೊಮ್ಮೆ ಸರಿ ಹೋಗುತ್ತದೆ. ಸವೆದ ನಾಲಿಗೆ ಇದರಿಂದ ಬೆಳೆಯುವುದಿಲ್ಲ.

ಅದಕ್ಕೆ ಫ್ಲೋಟನ್ನೇ ಹೊರತೆಗೆಯಬೇಕು. ಹೊರಬಂದ ಮೇಲೆ ಮಾಡುವುದಿಷ್ಟು. ಬುಂಡೆಯನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ತೂತು. ಮಲ್ಟಿಮೀಟರನ್ನು ಓಮ್ಸ್‌ಗಿಟ್ಟು ಕೈಯನ್ನು ತಳದಿಂದ ತುದಿಗೆ ನಿಧಾನ ಎತ್ತಿ. ಅಂಕಿ ಎಲ್ಲೂ ತಪ್ಪದೆ ಏರಬೇಕು ಇಲ್ಲವೇ ಇಳಿಯಬೇಕು. ನಡುವೆ ಎಲ್ಲಾದರೂ ಮಾಯವಾಗಿ ಮತ್ತೆ ಬಂದರೆ ಪಟ್ಟಿ ಅಲ್ಲಿ ಸವೆದಿದೆ. ಬರೀ ಕಪ್ಪು ಕಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಸವೆದಿದ್ದರೆ ಅದೇ ಮಾಡೆಲ್ಲಿನ ಹೊಸದೇ ಬೇಕು. ಕೂರಿಸುವಾಗ ಹಳೆಯ ರಬ್ಬರ್ ರಿಂಗ್ ಬಿಸಾಡಿ ಹೊಸದು ಹಾಕಿ, ಇಲ್ಲವಾದರೆ ಮಳೆನೀರು ಒಳಕ್ಕೆ, ಪೆಟ್ರೋಲ್ ವಾಸನೆ ಹೊರಕ್ಕೆ. ಆಮೇಲೆ ಖಾಲಿ ಟ್ಯಾಂಕಿಗೆ ಬಂಕಿನಲ್ಲಿ ಎರಡೆರಡು ಲೀಟರಿನಂತೆ ಹಾಕಿಸುತ್ತಾ, ಪ್ರತಿ ಸಲ ಮುಳ್ಳು ಎಲ್ಲಿ ನಿಂತಿತೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹಿಂದೆ ನಿಂತ ಗಾಡಿಯವರು ಹಾರ್ನ್ ಹೊಡೆದರೆ ಹೊಡೆಯಲಿ.